ವೇತನರಹಿತ ತರಬೇತಿ ಮತ್ತು ಯುವನಿಧಿ: ಪದವೀಧರರು ಅರಿತಿರಬೇಕಾದ ಸಂಗತಿಗಳು

ಮುಳವಾಡ ಏತ ನೀರಾವರಿ ಯೋಜನೆಯ ವ್ಯಾಪ್ತಿಗೆ ಬರುವ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಹಾಗೂ ಇಂಡಿ ಭಾಗದ ಗ್ರಾಮ ಪಂಚಾಯತಿ ಕಚೇರಿಗಳಿಗೆ ಮನೆ, ನೀರು, ಉತಾರಗಳಿಗಾಗಿ ಬರುವವರ ಜೊತೆಗೆ ಇತ್ತೀಚೆಗೆ ಪದವಿ ಪಡೆದ ಯುವಕ ಯುವತಿಯರೂ ಬರುತ್ತಿದ್ದಾರೆ. ಅವರಲ್ಲಿ ಹಲವರ ಪ್ರಶ್ನೆ ಒಂದೇ: "ಸಂಬಳವಿಲ್ಲದೆ ಒಂದು ಕಡೆ ಕೆಲಸ ಕಲಿಯಲು ಹೋಗುತ್ತಿದ್ದೇನೆ, ಯುವನಿಧಿ ನಿಲ್ಲುತ್ತದೆಯೇ?" ಇದರ ಹಿಂದೆ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲದಿದ್ದರೆ ಬಿಟ್ಟು ಬರಬಹುದೇ ಎಂಬುದೇ ಅದು. ಅರಿವು ಕೇಂದ್ರಗಳಲ್ಲಿ ಓದಿ ಚರ್ಚಿಸಲು ಅನುಕೂಲವಾಗುವಂತೆ ಈ ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲು ಯೋಜನೆಯ ಚೌಕಟ್ಟು. ಯುವನಿಧಿಯ ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಪಾವತಿಗೆ ಚಾಲನೆ ನೀಡಲಾಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ಮಾಸಿಕ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಉದ್ಯೋಗ ದೊರೆಯುವವರೆಗೆ ಅಥವಾ ಗರಿಷ್ಠ 24 ತಿಂಗಳವರೆಗೆ ಮಾತ್ರ ಈ ನೆರವು. ಸರ್ಕಾರಿ ಅಥವಾ ಖಾಸಗಿ ಉದ್ಯೋಗದಲ್ಲಿರುವವರು, ಉನ್ನತ ವ್ಯಾಸಂಗ ಮುಂದುವರಿಸಿದವರು, ಅಪ್ರೆಂಟಿಸ್ ವೇತನ ಪಡೆಯುತ್ತಿರುವವರು, ಸರ್ಕಾರದ ಯೋಜನೆಗಳಡಿ ಸಾಲ ಪಡೆದು ಸ್ವಯಂ ಉದ್ಯೋಗ ಕೈಗೊಂಡವರು ಇದಕ್ಕೆ ಅರ್ಹರಲ್ಲ.

ಈ ಪಟ್ಟಿಯನ್ನು ಗಮನವಿಟ್ಟು ಓದಬೇಕು. ಅದರಲ್ಲಿರುವುದು ಉದ್ಯೋಗ ಮತ್ತು ವೇತನ. ಒಂದು ರೂಪಾಯಿಯೂ ದೊರೆಯದ, ನೇಮಕಾತಿಯೂ ಇಲ್ಲದ ಕಲಿಕೆಯ ಪ್ರಸ್ತಾಪ ಅಲ್ಲಿಲ್ಲ. ಹಾಗೆಂದು ಅದನ್ನು ಮುಚ್ಚಿಡಬೇಕಾಗಿಲ್ಲ. ತಾನು ಹೋಗುತ್ತಿರುವುದು ಎಂಥ ಸ್ಥಳಕ್ಕೆ, ಯಾವ ಷರತ್ತಿನ ಮೇಲೆ ಎಂಬುದನ್ನು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಬರೆದು ತಿಳಿಸಿ, ಲಿಖಿತ ಉತ್ತರ ಪಡೆಯುವುದು ಕ್ಷೇಮ. "ಊಟಕ್ಕೆಂದು", "ಪೆಟ್ರೋಲಿಗೆಂದು" ಪ್ರತಿ ತಿಂಗಳು ನಿಗದಿತ ಮೊತ್ತ ಕೈಗೆ ಬರತೊಡಗಿದರೆ ಅದನ್ನು ಯಾವ ಹೆಸರಿನಿಂದ ಕರೆದರೂ ಅದು ವೇತನವೆಂದು ಪ್ರಶ್ನೆಗೊಳಗಾಗಬಹುದು. ಸ್ವಯಂ ಘೋಷಣೆಯಲ್ಲಿ "ನಿರುದ್ಯೋಗಿ" ಎಂದು ದೃಢೀಕರಿಸುವವರು ತಾವೇ ಆದುದರಿಂದ ಅದರ ಹೊಣೆಯೂ ಅವರದೇ.

ಇನ್ನು ನಿಜವಾದ ನಷ್ಟದ ಲೆಕ್ಕ. ಸಿವಿಲ್ ಪದವೀಧರನೊಬ್ಬ ಗುತ್ತಿಗೆದಾರರ ಬಳಿ ತರಬೇತಿಗೆಂದು ಸೇರಿದನೆಂದು ಭಾವಿಸೋಣ. ಬಸ್ಸು ಮತ್ತು ಚಹಾಕ್ಕೆ ದಿನಕ್ಕೆ 90 ರೂ. ತಗಲಿದರೆ 26 ದಿನಕ್ಕೆ 2,340 ರೂ. ಆಯಿತು. ಮೂರು ಸಾವಿರದಲ್ಲಿ ಮನೆಗೆ ಉಳಿಯುವುದು 660 ರೂ. ಮಾತ್ರ. (ಯುವತಿಯರಿಗೆ ಸಾಮಾನ್ಯ ಸಾರಿಗೆಯಲ್ಲಿ ಶಕ್ತಿ ಯೋಜನೆಯಿಂದ ಈ ಹೊರೆ ತಗ್ಗುತ್ತದೆ.) ಆದರೆ ಹಣಕ್ಕಿಂತ ದೊಡ್ಡದು ಕಾಲ. 24 ತಿಂಗಳು ಎಂಬುದು ತುಂಬಿಟ್ಟ ಕೊಡ; ಮತ್ತೆ ತುಂಬುವುದಿಲ್ಲ. ಸಿಮೆಂಟ್ ಚೀಲ ಎಣಿಸುತ್ತ, ಮಾಲೀಕರ ಮನೆಯ ಕೆಲಸ ಮಾಡುತ್ತ ಆರು ತಿಂಗಳು ಕಳೆದರೆ ಆ ಕೊಡದ ಕಾಲು ಭಾಗ ಬರಿದಾದಂತೆ.

ಉದ್ಯೋಗ ಖಾತರಿಯಲ್ಲಿ ದುಡಿದ ನಮ್ಮ ಸಿಬ್ಬಂದಿಗೆ ನಮೂನೆ 6 ಚಿರಪರಿಚಿತ. 2005ರ ಕಾಯ್ದೆಯಡಿ ಕೆಲಸ ಕೇಳಿದ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆಯ ಹಕ್ಕು ಹುಟ್ಟುತ್ತಿತ್ತು: ಮೊದಲ 30 ದಿನಗಳಿಗೆ ಕೂಲಿ ದರದ ಕನಿಷ್ಠ ಕಾಲು ಭಾಗ, ನಂತರ ಕನಿಷ್ಠ ಅರ್ಧ. ಆದರೆ ದಿನಾಂಕ ನಮೂದಿಸಿದ ಸ್ವೀಕೃತಿ ಇಲ್ಲದ ಕೂಲಿಕಾರನಿಗೆ ತಾನು ಕೆಲಸ ಕೇಳಿದ್ದನ್ನೇ ಸಾಬೀತುಪಡಿಸುವುದು ಕಷ್ಟವಾಗುತ್ತಿತ್ತು. ಪದವೀಧರರಿಗೂ ಇದೇ ಪಾಠ ಅನ್ವಯಿಸುತ್ತದೆ. ಸೇರುವ ದಿನವೇ ಒಂದು ಪುಟದ ಪತ್ರ ಕೇಳಿ ಪಡೆಯಬೇಕು: ಯಾವ ದಿನದಿಂದ ಯಾವ ದಿನದವರೆಗೆ, ದಿನಕ್ಕೆ ಎಷ್ಟು ತಾಸು, ಯಾವ ಕೆಲಸ ಕಲಿಸಲಾಗುವುದು, ಕಲಿಸುವವರು ಯಾರು, ಕೊನೆಯಲ್ಲಿ ಪ್ರಮಾಣಪತ್ರ ದೊರೆಯುವುದೇ. ಇಷ್ಟು ಬರೆದುಕೊಡಲು ಹಿಂಜರಿಯುವ ಸಂಸ್ಥೆಯು ಏನನ್ನಾದರೂ ಕಲಿಸೀತೆಂದು ನನಗೆ ಅನಿಸುವುದಿಲ್ಲ.

ಈಗಾಗಲೇ ಸೇರಿ ಬೇಸತ್ತವರು ತಕ್ಷಣ ಬಿಡುವ ಮುನ್ನ ಒಂದು ತಿಂಗಳು ದಿನಚರಿ ಬರೆಯಬೇಕು. ಕಾಮಗಾರಿಯಲ್ಲಿ ಅಳತೆ ಪುಸ್ತಕಕ್ಕೆ ಏರದ ಕೆಲಸಕ್ಕೆ ಬಿಲ್ಲು ಆಗದು, ಕಲಿಕೆಯೂ ಹಾಗೆಯೇ. ಇಂದು ಆಟೊ ಲೆವೆಲ್ ಯಂತ್ರ ನಿಲ್ಲಿಸಿ ಮಟ್ಟ ತೆಗೆದೆನೇ, ನಕ್ಷೆ ನೋಡಿ ಕಬ್ಬಿಣದ ಪಟ್ಟಿ ತಯಾರಿಸಿದೆನೇ, ಕಾಂಕ್ರೀಟ್ ಕ್ಯೂಬುಗಳನ್ನು 7 ಮತ್ತು 28ನೇ ದಿನ ಪರೀಕ್ಷಿಸುವಾಗ ಹತ್ತಿರ ನಿಂತು ನೋಡಿದೆನೇ ಎಂದು ಬರೆದಿಡಬೇಕು. ವಾಣಿಜ್ಯ ಪದವೀಧರರಾದರೆ ಜಿಎಸ್‌ಟಿ ವಿವರಣೆಯನ್ನು ಸ್ವತಃ ಸಿದ್ಧಪಡಿಸಿದೆನೇ, ಅಥವಾ ಬರೀ ಝೆರಾಕ್ಸ್ ಮಾಡಿಸಿ ತಂದೆನೇ ಎಂಬುದು. ಆ ದಿನಚರಿಯನ್ನು ಹಿಡಿದು ಹಿರಿಯರ ಬಳಿ ಹೋಗಿ, "ಸರ್, ವಾರಕ್ಕೆ ಒಂದು ದಿನ ಎಸ್ಟಿಮೇಟ್ ಕೆಲಸಕ್ಕೆ ನನ್ನನ್ನು ಕೂಡಿಸಿಕೊಳ್ಳಿ" ಎಂದು ನಿರ್ದಿಷ್ಟವಾಗಿ ಕೇಳಿದರೆ ಬಹುತೇಕ ಹಿರಿಯರು ಒಪ್ಪುತ್ತಾರೆ. "ಏನಾದರೂ ಕಲಿಸಿ" ಎಂಬ ಬೇಡಿಕೆಗೆ ಮಾತ್ರ ಯಾರ ಬಳಿಯೂ ಸಮಯವಿರುವುದಿಲ್ಲ. ಕೇಳಿದ ಮೇಲೂ ಇನ್ನೊಂದು ತಿಂಗಳ ಪುಟಗಳು ಖಾಲಿಯೇ ಉಳಿದರೆ ಅಲ್ಲಿಂದ ಹೊರಬರಬೇಕು. ಹೊರಬರುವಾಗಲೂ ಎರಡು ಸಾಲಿನ ಪತ್ರ ಕೊಟ್ಟು, ಅಲ್ಲಿಯವರೆಗಿನ ಅವಧಿಗೆ ಪ್ರಮಾಣಪತ್ರ ಕೇಳಬೇಕು.

ಬಸವನ ಬಾಗೇವಾಡಿಯ ನೆಲದಲ್ಲಿ "ಕಾಯಕ" ಎಂಬ ಮಾತನ್ನು ಬಿಟ್ಟಿ ಚಾಕರಿಗೆ ಹೊದಿಕೆಯಾಗಿ ಬಳಸುವುದನ್ನು ಕೇಳಿದ್ದೇನೆ. ಅದು ಶರಣರಿಗೆ ಮಾಡುವ ಅನ್ಯಾಯ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿತವನ್ನು ನಿಷೇಧಿಸಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಹೊಟ್ಟೆಪಾಡಿನ ಅನಿವಾರ್ಯತೆಯೂ ಬಲವಂತವೇ ಎಂದು ಹೇಳಿತು. ಪ್ರತಿ ಕಲಿಕಾರ್ಥಿಯೂ ಕಾರ್ಮಿಕನೆಂದು ಇದರರ್ಥವಲ್ಲ. ಆದರೆ ಕಲಿಕೆ ಎಂಬ ಫಲಕದ ಕೆಳಗೆ ಕೂಲಿಯವನು ಮಾಡಬೇಕಾದ ಕೆಲಸವನ್ನೇ ದಿನವಿಡೀ ಮಾಡಿಸುತ್ತಿದ್ದರೆ ಕಾರ್ಮಿಕ ಇಲಾಖೆಯ ತಾಲ್ಲೂಕು ಮಟ್ಟದ ಕಾರ್ಮಿಕ ನಿರೀಕ್ಷಕರಿಗೆ ದೂರು ನೀಡಲು ಅವಕಾಶವಿದೆ.

ವೇತನವಿರುವ ದಾರಿಯೂ ಇದೆ. ನಮ್ಮ ಭಾಗದಲ್ಲಿ ಅದರ ಅರಿವು ಸಾಲದು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಆ ತಿದ್ದುಪಡಿಯು ಪದವೀಧರರಿಗೆ ಮಾಸಿಕ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ಗೊತ್ತುಪಡಿಸಿತು. ಮುಳವಾಡದ ಕೈಗಾರಿಕಾ ಪ್ರದೇಶ, ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರಗಳಂಥ ನೆಲೆಗಳು ಹತ್ತಿರವಿರುವಾಗ, ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸದೆ ಬಿಟ್ಟಿ ತರಬೇತಿಗೆ ಅಲೆಯುವುದು ಸರಿಯಲ್ಲ. ಅಪ್ರೆಂಟಿಸ್ ಆಗಿ ಸೇರಿದೊಡನೆ ಯುವನಿಧಿ ನಿಲ್ಲುತ್ತದೆ, ನಿಲ್ಲಲಿ. ಮೂರು ಸಾವಿರ ಬಿಟ್ಟು ಒಂಬತ್ತು ಸಾವಿರ ಹಿಡಿದವರಿಗೆ ನಷ್ಟವಿಲ್ಲ. ಸೇರಿದ ಸಂಗತಿಯನ್ನು ಮಾತ್ರ ತಡಮಾಡದೆ ಘೋಷಿಸಬೇಕು.

ಅರಿವು ಕೇಂದ್ರದ ಮೇಲ್ವಿಚಾರಕರು ಮೇಲೆ ಹೇಳಿದ ಸೇರ್ಪಡೆ ಪತ್ರದ ಕನ್ನಡ ಮಾದರಿಯೊಂದನ್ನು ಸೂಚನಾ ಫಲಕದಲ್ಲಿ ಅಂಟಿಸತಕ್ಕದ್ದು. ಸ್ವಯಂ ಘೋಷಣೆ ಸಲ್ಲಿಸಲು ಮೊಬೈಲ್ ಅಥವಾ ಆಧಾರ್ ಜೋಡಣೆಯ ತೊಡಕು ಎದುರಾದವರನ್ನು ಗಡುವಿನ ಕೊನೆಯ ದಿನದವರೆಗೆ ಕಾಯಿಸದೆ, ಅಗತ್ಯ ದಾಖಲೆಗಳೊಂದಿಗೆ ಸಮೀಪದ ಗ್ರಾಮ ಒನ್ ಕೇಂದ್ರಕ್ಕೆ ಕಳುಹಿಸತಕ್ಕದ್ದು.