ಚಿತ್ರ ಬಾರದವರೂ ಡಿಸೈನರ್ ಆಗಬಹುದೇ? ರಾಮನಗುಳಿಯಿಂದ ಹೊರಟವರಿಗೆ ಏಳು ಸೂತ್ರ

ಆ್ಯಪ್ ಹೇಗೆ ನಡೆದುಕೊಳ್ಳಬೇಕು ಎಂದು ನಿರ್ಧರಿಸುವುದು ಇಂಟರ್‌ಆ್ಯಕ್ಷನ್ ಡಿಸೈನರ್ ಕೆಲಸ. ಅದು ಹೇಗೆ ಕಾಣಬೇಕು ಎನ್ನುವುದು ಬೇರೆಯವರ ಪಾಲು ಎಂದು ಕಾಲೇಜಿನಲ್ಲಿ ಹೇಳಿಕೊಡಬಹುದು. ಪೂರ್ತಿ ನಂಬಬೇಡಿ.

1. ಕೈ ಬೇಡ, ಕಣ್ಣು ಬೇಕು. ರಂಗೋಲಿಯ ಎಳೆ ಸರಿಯಾಗಿ ಬಾರದವರೂ ಈ ಕೆಲಸಕ್ಕೆ ಬರಬಹುದು. ಆದರೆ ಒಂದು ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವುದು, ಯಾವುದು ಯಾವುದಕ್ಕೆ ಸೇರಿದ್ದು ಎಂದು ಗುರುತಿಸಲು ಬರಲೇಬೇಕು. ಅಕ್ಷರದ ಗಾತ್ರ, ನಡುವಿನ ಜಾಗ, ಸಾಲಿನ ನೇರ, ಇವಿಷ್ಟು ಕಲಿತರೆ ಅರ್ಧ ದಾರಿ ಮುಗಿಯಿತು.

2. ಮತಯಂತ್ರವನ್ನು ಪಾಠದಂತೆ ಓದಿ. ಬೆಂಗಳೂರಿನ ಬಿಇಎಲ್ ತಯಾರಿಸುವ ಈ ಯಂತ್ರದ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. ಅಭ್ಯರ್ಥಿಯ ಹೆಸರು, ಚಿಹ್ನೆ, ನೀಲಿ ಗುಂಡಿ ಎಲ್ಲವೂ ಒಂದೇ ಸಾಲಿನಲ್ಲಿ. ಒತ್ತಿದರೆ ಅದೇ ಸಾಲಿನಲ್ಲಿ ಕೆಂಪು ದೀಪ, ಕಿವಿಗೆ ಬೀಪ್, ವಿವಿಪ್ಯಾಟ್ ಕಿಟಕಿಯಲ್ಲಿ 7 ಸೆಕೆಂಡ್ ಚೀಟಿ. ನಮ್ಮ ಅಂಕೋಲಾ ತಾಲ್ಲೂಕಿನ ರಾಮನಗುಳಿಯ ಅಕ್ಷರ ಬಾರದ ಅಜ್ಜಿಗೂ ತನ್ನ ಮತ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಇಲ್ಲಿ ನಡೆ ಎಲ್ಲಿ ಮುಗಿಯಿತು, ನೋಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಿ ನೋಡೋಣ! ಒಂದೇ ಹೆಸರಿನ ಇಬ್ಬರು ನಿಂತಾಗ ಮತದಾರರಿಗೆ ಆಗುತ್ತಿದ್ದ ಗೊಂದಲಕ್ಕೆ ಚುನಾವಣಾ ಆಯೋಗ 2015ರಲ್ಲಿ ಕಂಡುಕೊಂಡ ಮದ್ದು ಅಭ್ಯರ್ಥಿಯ ಫೋಟೋ. 2025ರ ಬಿಹಾರ ಚುನಾವಣೆಯಿಂದ ಅದಕ್ಕೆ ಬಣ್ಣವೂ ಬಂತು. ತಪ್ಪು ಗುಂಡಿ ಒತ್ತುವ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಚಿತ್ರದಲ್ಲಿ.

3. ಕನ್ನಡದಲ್ಲೇ ಪರೀಕ್ಷಿಸಿ. ಇಂಗ್ಲಿಷಿಗೆ ಅಳೆದು ಮಾಡಿದ ಪೆಟ್ಟಿಗೆಗೆ ಕನ್ನಡ ತುರುಕಿದರೆ ಮೊದಲು ಕತ್ತರಿ ಬೀಳುವುದು ಒತ್ತಕ್ಷರದ ಮೇಲೆ. ನಮ್ಮ ಜಿಲ್ಲೆಯ ಹೆಸರನ್ನೇ ಹಾಕಿ ನೋಡಿ: ‘ಉತ್ತರ ಕನ್ನಡ’ದ ಎರಡೂ ಪದಗಳಲ್ಲಿ ಒತ್ತು ಇದೆ. ಅದು ದಾಟಿದರೆ ‘ಸ್ತ್ರೀ’ ಹಾಕಿ. ಅಲ್ಲಿ ಎರಡು ಒತ್ತು ಕೆಳಗೆ ಇಳಿದು ಮುಂದಿನ ಸಾಲಿಗೆ ಡಿಕ್ಕಿ ಹೊಡೆಯುತ್ತವೆ. ಸಾಲುಗಳ ಅಂತರ ಹೆಚ್ಚಿಸಿದರೆ ಪರದೆಯಲ್ಲಿ ಹಿಡಿಸುವ ಸಾಲು ಕಡಿಮೆಯಾಗುತ್ತದೆ, ‘ಮುಂದೆ’ ಬಟನ್ ಕೆಳಗೆ ಜಾರಿ ಕಣ್ಮರೆಯಾಗುತ್ತದೆ. ಆಗ ಹೆಜ್ಜೆಗಳನ್ನೇ ಬೇರೆ ರೀತಿ ಒಡೆಯಬೇಕಾಗುತ್ತದೆ. ಅಕ್ಷರದ ಆಕಾರ ಗೊತ್ತಿಲ್ಲದವರು ಈ ನಿರ್ಧಾರ ಮಾಡಲಾರರು. ನಿಮಗೆ ಅದು ಹುಟ್ಟಿನಿಂದ ಬಂದಿದೆ, ಬೆಂಗಳೂರಿನ ಸಂದರ್ಶನದಲ್ಲಿ ಸಂಕೋಚವಿಲ್ಲದೆ ಹೇಳಿ.

4. ಬಣ್ಣ ಕೊನೆಗೆ. ಮೊದಲ ಕರಡು ಕಪ್ಪು ಬಿಳುಪಿನಲ್ಲಿರಲಿ. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬುದು ವೆಬ್‌ನ ಅಂತರರಾಷ್ಟ್ರೀಯ ಮಾನದಂಡ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಅದೂ ಸಾಲದು. ಕೆಂಪು ಹಸಿರನ್ನಷ್ಟೇ ನಂಬಿ ‘ಆಯಿತು, ಆಗಲಿಲ್ಲ’ ತಿಳಿಸಬೇಡಿ. ಪಕ್ಕದಲ್ಲಿ ಮಾತೂ ಇರಲಿ.

5. ಪರದೆ ನೋಡದವರನ್ನೂ ನೆನೆಯಿರಿ. ಇಲ್ಲಿ ಮಾತ್ರ ‘ನೋಟ ಬೇರೆಯವರ ಪಾಲು’ ಎನ್ನುವ ಕಾಲೇಜಿನ ವಾದಕ್ಕೆ ನನ್ನ ಮತ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ಮೊಳಗಿತಲ್ಲ, ಅದರಲ್ಲಿ ವಿನ್ಯಾಸಕಾರನ ಕೈಯಲ್ಲಿ ಉಳಿಯುವುದು ಸದ್ದು, ನಡುಕ ಮತ್ತು ಕೆಲವೇ ಶಬ್ದ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದದ್ದನ್ನು ಕಂಡ ಅಂಕೋಲಾ ತಾಲ್ಲೂಕಿನವರಿಗೆ ಆ ಶಬ್ದಗಳ ತೂಕ ವಿವರಿಸಬೇಕಿಲ್ಲ. ಅಂಗಡಿಯಲ್ಲಿ ಹಣ ಬಂತೆಂದು ಕೂಗಿ ಹೇಳುವ ಯುಪಿಐ ಡಬ್ಬಿಯೂ ಇದೇ ಜಾತಿ.

6. ಕೆಲಸ ನೋಡಿ ಕಲಿಯಿರಿ. ದೊಡ್ಡ ಕಂಪನಿಗಳು ನಡೆಗೂ ನೋಟಕ್ಕೂ ಬೇರೆ ಬೇರೆ ಜನ ಇಡಬಲ್ಲವು. ಸಣ್ಣ ಕಡೆ ಎರಡೂ ನಿಮ್ಮ ತಲೆಗೇ.

7. ಪಹಣಿಯನ್ನು ಮರುಜೋಡಿಸಿ. ಸರ್ವೆ ನಂಬರ್, ವಿಸ್ತೀರ್ಣ, ಮಾಲೀಕರು, ಋಣ, ಬೆಳೆ ಎಲ್ಲ ಒಂದೇ ಹಾಳೆಯಲ್ಲಿ ಕಿಕ್ಕಿರಿದ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಒಂದೇ ಫಾಂಟ್, ಕಪ್ಪು ಮಸಿ ಮಾತ್ರ ಬಳಸಿ. ಮುಗಿಸಿದ ಮೇಲೆ ಹಳೆಯದನ್ನೂ ಹೊಸದನ್ನೂ ಊರಿನ ಇಬ್ಬರು ರೈತರ ಕೈಗೆ ಕೊಟ್ಟು, ಸಾಲ ಎಷ್ಟಿದೆ ಹುಡುಕಲು ಹೇಳಿ, ಗಡಿಯಾರ ನೋಡಿ. ಆ ಎರಡು ಸಮಯಗಳನ್ನು ನಿಮ್ಮ ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ ಬರೆಯಿರಿ.