ನಿವೃತ್ತಿಯ ಉಳಿತಾಯವೂ ಷೇರು ಪೇಟೆಯ ಧಾರಣೆಯೂ

ತಿಂಗಳ ಸಂಬಳದಲ್ಲಿ ಒಂದು ಭಾಗವನ್ನು ಮುಪ್ಪಿನ ಕಾಲಕ್ಕೆಂದು ತೆಗೆದಿರಿಸುವುದು ವಿವೇಕಿಗಳ ಲಕ್ಷಣ. ಹಿಂದೆ ಇಂತಹ ಹಣ ಬಹುಮಟ್ಟಿಗೆ ಸರಕಾರದ ಸಾಲಪತ್ರಗಳಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಇರುತ್ತಿದ್ದಿತು. ಈಗ ಅದರ ಒಂದಂಶ ಷೇರು ಪೇಟೆಯನ್ನೂ ಸೇರುತ್ತಿದೆ. ಅವಿಭಕ್ತ ಆಂಧ್ರಪ್ರದೇಶದಲ್ಲಿ 2004ರ ಸೆಪ್ಟೆಂಬರ್ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ಸರಕಾರಿ ನೌಕರರಿಗೆ ವಂತಿಗೆಯ ಪಿಂಚಣಿ ಯೋಜನೆ ಅನ್ವಯಿಸಿತು. ಆದುದರಿಂದ ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಕಡೆಯ ಅನೇಕ ಉಪಾಧ್ಯಾಯರ ಮುಪ್ಪಿನ ಅನ್ನವೂ ಪೇಟೆಯ ಏರಿಳಿತಗಳಿಗೆ ಸ್ವಲ್ಪಮಟ್ಟಿಗೆ ಕಟ್ಟುಬಿದ್ದಿದೆ.

ಪೇಟೆಯು ಉಳಿತಾಯಗಾರನನ್ನು ಅಲುಗಿಸಬಲ್ಲುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಲಕ್ಷಾಂತರ ಉಳಿತಾಯಗಾರರು ಒಟ್ಟುಗೂಡಿದರೆ ಅವರೂ ಪೇಟೆಯನ್ನು ಅಲುಗಿಸಬಲ್ಲರೆ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಧಾರಣೆ ಹೇಗೆ ಹುಟ್ಟುತ್ತದೆಂಬುದನ್ನು ಮೊದಲು ತಿಳಿಯಬೇಕು. ಅದಕ್ಕಾಗಿ ಮುಂಬಯಿಗೆ ಹೋಗಬೇಕಾದುದಿಲ್ಲ. 1956ರವರೆಗೆ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ತಾಂಡೂರಿನ ತೊಗರಿಯನ್ನು ನೋಡಿದರೆ ಸಾಕು. 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ತೊಗರಿ ಅದು. ಒಬ್ಬ ರೈತನು ಹತ್ತು ಚೀಲ ತಂದು ಮಾರಿದರೆ ಧಾರಣೆ ಕದಲುವುದಿಲ್ಲ. ರಾಶಿಯಾದ ಕೂಡಲೆ ಊರೂರಿನ ರೈತರೆಲ್ಲರೂ ಒಂದೇ ವಾರದಲ್ಲಿ ಚೀಲಗಳನ್ನು ತಂದು ಇಳಿಸಿದರೆ ಧಾರಣೆ ಕುಸಿಯುತ್ತದೆ. ಕಾಳಿನ ಗುಣವೇನೂ ಕೆಟ್ಟಿರುವುದಿಲ್ಲ. ಆ ವಾರದಲ್ಲಿ ಕೊಳ್ಳುವವರ ಕೈಯಲ್ಲಿರುವ ಹಣಕ್ಕೂ ಗೋದಾಮಿಗೂ ಒಂದು ಮಿತಿಯಿದೆ, ಅಷ್ಟೆ. ಮಾರುವವರೆಲ್ಲರೂ ಏಕಕಾಲದಲ್ಲಿ ಒಂದೇ ಕಡೆಗೆ ನಡೆದರೆ, ಎದುರಿಗೆ ಕೊಳ್ಳುವವರು ಸಾಲದೆ ಹೋದರೆ, ಬೆಲೆ ಬೀಳಲೇಬೇಕು. ಷೇರು ಪೇಟೆಯ ನಿಯಮವೂ ಇದೇ.

ಈ ನಿಯಮಕ್ಕೆ ದಕ್ಷಿಣ ಅಮೆರಿಕದ ಚಿಲಿ ದೇಶವು ಅತ್ಯಂತ ಸ್ಪಷ್ಟವಾದ ನಿದರ್ಶನ. ಅಲ್ಲಿ 1981ರಿಂದ ಬಹುಪಾಲು ದುಡಿಮೆಗಾರರಿಗೆ ಸ್ವಂತ ಪಿಂಚಣಿ ಖಾತೆಯ ವ್ಯವಸ್ಥೆಯುಂಟು. 2002ರಿಂದ ಖಾತೆದಾರನು ಐದು ಬಗೆಯ ನಿಧಿಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದಾಯಿತು. ಮೊದಲನೆಯ ನಿಧಿಯಲ್ಲಿ ಷೇರುಗಳೇ ಹೆಚ್ಚು. ಕೊನೆಯದರಲ್ಲಿ ಸಾಲಪತ್ರಗಳೇ ಹೆಚ್ಚು. 2011ರಲ್ಲಿ ‘ಫೆಲೀಸೆಸ್ ಇ ಫೊರ್ರಾದೊಸ್’ ಎಂಬ ಸಲಹಾ ಸಂಸ್ಥೆಯೊಂದು ಹುಟ್ಟಿತು. ಈಗ ಷೇರಿನ ನಿಧಿಗೆ ಹೋಗಿರಿ, ಈಗ ಸಾಲಪತ್ರದ ನಿಧಿಗೆ ಬನ್ನಿರಿ ಎಂದು ಅದು ತನ್ನ ಚಂದಾದಾರರಿಗೆ ಮಿಂಚಂಚೆಯಲ್ಲಿ ಸೂಚನೆ ಕಳುಹಿಸುತ್ತಿದ್ದಿತು. ಸಾವಿರಾರು ಜನರು ಒಂದೇ ಸೂಚನೆಯನ್ನು ಕೆಲವೇ ದಿನಗಳೊಳಗೆ ಪಾಲಿಸಿದುದರಿಂದ ನಿಧಿಗಳು ಅಪಾರ ಮೊತ್ತದ ಷೇರುಗಳನ್ನೂ ಸಾಲಪತ್ರಗಳನ್ನೂ ತರಾತುರಿಯಲ್ಲಿ ಮಾರಬೇಕಾಯಿತು, ಕೊಳ್ಳಬೇಕಾಯಿತು. ಝಿ ಡಾ, ಬೊರ್ಹಾ ಲರ್ರೈನ್, ಕ್ಲೆಮೆನ್ಸ್ ಸಿಯಾಲ್ಮ್, ಹೊಸೆ ತೆಸ್ಸಾದಾ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನು ಪರಿಶೀಲಿಸಿ 2018ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಈ ಚಲನೆಯಿಂದ ಪೇಟೆಯ ಧಾರಣೆಗಳ ಮೇಲೆ ಒತ್ತಡ ಬಿದ್ದುದನ್ನೂ, ಏರಿಳಿತ ಹೆಚ್ಚಿದುದನ್ನೂ ಅವರು ತೋರಿಸಿದರು. ಸಲಹೆಯಾದರೋ ಬಹುಮಟ್ಟಿಗೆ ಆಗಲೇ ಏರಿದುದರ ಬೆನ್ನುಹತ್ತುವುದಾಗಿದ್ದಿತು. 2021ರಲ್ಲಿ ಆ ಸಂಸ್ಥೆ ಮುಚ್ಚಿತು.

ಎರಡನೆಯ ನಿದರ್ಶನ ಬ್ರಿಟನ್ನಿನದು. ಅಲ್ಲಿನ ಅನೇಕ ಪಿಂಚಣಿ ನಿಧಿಗಳು ಸರಕಾರದ ದೀರ್ಘಾವಧಿ ಸಾಲಪತ್ರಗಳನ್ನು ಒತ್ತೆಯಿಟ್ಟು ಸಾಲವೆತ್ತಿದ್ದುವು. 2022ರ ಸೆಪ್ಟೆಂಬರ್ 23ರಂದು ಸರಕಾರವು ಭಾರಿ ತೆರಿಗೆ ಕಡಿತವನ್ನು ಸಾರಿದೊಡನೆ ಆ ಪತ್ರಗಳ ಬೆಲೆ ಇಳಿಯಿತು. ಸಾಲಕೊಟ್ಟವರು ಹೆಚ್ಚಿನ ಒತ್ತೆಯನ್ನು ಕೇಳಿದರು. ಹಣ ಹೊಂದಿಸಲು ನಿಧಿಗಳೆಲ್ಲವೂ ಅದೇ ಪತ್ರಗಳನ್ನು ಒಮ್ಮೆಗೇ ಮಾರತೊಡಗಿದುದರಿಂದ ಬೆಲೆ ಮತ್ತಷ್ಟು ಬಿದ್ದಿತು. ಕೊನೆಗೆ ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಕೊಳ್ಳಲು ಮುಂದೆ ಬಂದು, ಸುಮಾರು 19 ಶತಕೋಟಿ ಪೌಂಡುಗಳಷ್ಟು ಪತ್ರಗಳನ್ನು ಕೊಂಡಿತು. ಮುಪ್ಪಿನ ಭದ್ರತೆಗೆಂದು ಕೂಡಿಸಿದ ಹಣವೇ ಹೀಗೆ ಪೇಟೆಯನ್ನು ಕಂಗೆಡಿಸಿತು.

ನಮ್ಮ ದೇಶದ ಸ್ಥಿತಿ ಹೇಗಿದೆ? ನೌಕರರ ಭವಿಷ್ಯನಿಧಿ ಸಂಸ್ಥೆಯು 2015ರ ಆಗಸ್ಟಿನಲ್ಲಿ ಹೊಸ ವಂತಿಗೆಯ ಶೇಕಡಾ 5ರಷ್ಟನ್ನು ಷೇರು ಸೂಚ್ಯಂಕದ ನಿಧಿಗಳಲ್ಲಿ ತೊಡಗಿಸಲಾರಂಭಿಸಿತು. ಅನಂತರ ಅದು 10ಕ್ಕೂ, 2017ರಲ್ಲಿ 15ಕ್ಕೂ ಏರಿತು. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬನ ಮಾಸಿಕ ವಂತಿಗೆ 2,000 ರೂಪಾಯಿಯೆಂದಿಟ್ಟುಕೊಂಡರೆ ಅದರಲ್ಲಿ 300 ರೂಪಾಯಿ ಷೇರಿಗೆ ಹೋಗುತ್ತದೆ. ಈ 300 ರೂಪಾಯಿಗೆ ಪೇಟೆಯಲ್ಲಿ ಯಾವ ಸದ್ದೂ ಇಲ್ಲ. ಇಂತಹವರು ಒಂದು ಕೋಟಿ ಜನರಿದ್ದರೆ ತಿಂಗಳಿಗೆ 300 ಕೋಟಿ ರೂಪಾಯಿಯಾಯಿತು. ಆದರೆ 2024ರ ಏಪ್ರಿಲಿನಲ್ಲಿ ಮುಂಬಯಿ ಪೇಟೆಯ ಕಂಪನಿಗಳೆಲ್ಲದರ ಒಟ್ಟು ಬೆಲೆ 400 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿದ್ದಿತು. ಅದರ ಮುಂದೆ ಈ ಮೊತ್ತ ಕೆರೆಗೆ ಸುರಿದ ಕೊಡದಂತೆ. ಮೇಲಾಗಿ ಕಂತುಕಂತಾಗಿ, ಮೊದಲೇ ಗೊತ್ತಾದ ಪ್ರಮಾಣದಲ್ಲಿ ಬರುವ ಹಣವು ಧಾರಣೆಯನ್ನು ಬೆಚ್ಚಿಬೀಳಿಸುವುದಿಲ್ಲ.

ಆದರೂ ತಿಂಗಳು ತಿಂಗಳೂ ತಪ್ಪದೆ ಹರಿಯುವ ಹಣಕ್ಕೆ ಒಂದು ಬಲವುಂಟು. 2024ರ ಅಕ್ಟೋಬರಿನಲ್ಲಿ ವಿದೇಶೀ ಹೂಡಿಕೆದಾರರು ನಮ್ಮ ಪೇಟೆಯಲ್ಲಿ ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಷೇರುಗಳನ್ನು ಮಾರಿದರು. ಮ್ಯೂಚುಯಲ್ ಫಂಡು, ವಿಮೆ, ಪಿಂಚಣಿ ಮುಂತಾದ ದೇಶೀಯ ಸಂಸ್ಥೆಗಳು ಸರಿಸುಮಾರು ಅಷ್ಟನ್ನೇ ಕೊಂಡುವು. ಅದೇ ತಿಂಗಳು ಜನರು ಮ್ಯೂಚುಯಲ್ ಫಂಡುಗಳಿಗೆ ಕಂತಿನ ರೂಪದಲ್ಲಿ ಕಟ್ಟಿದ ಹಣ ಮೊದಲ ಬಾರಿಗೆ 25,000 ಕೋಟಿ ರೂಪಾಯಿಗಳನ್ನು ದಾಟಿತು. ಸೂಚ್ಯಂಕವು ಶೇಕಡಾ 6ರಷ್ಟು ಇಳಿದುದು ನಿಜ. ಆದರೆ ಎದುರಿಗೆ ಕೊಳ್ಳುವವರಿಲ್ಲದಿದ್ದರೆ ಇಳಿತ ಇನ್ನೂ ಆಳವಾಗುತ್ತಿದ್ದಿತೆಂದು ಊಹಿಸುವುದು ಕಷ್ಟವಲ್ಲ.

ಇದರಿಂದ ಸಿದ್ಧವಾಗುವುದೇನು? ಉಳಿತಾಯಗಾರರ ಸಂಖ್ಯೆಯೊಂದೇ ಧಾರಣೆಯನ್ನು ಕದಲಿಸಲಾರದು. ಅವರೆಲ್ಲರೂ ಏಕಕಾಲದಲ್ಲಿ ಒಂದೇ ದಿಕ್ಕಿಗೆ ಹೊರಳಿದಾಗ, ಅದರಲ್ಲಿಯೂ ಪೇಟೆ ಚಿಕ್ಕದಾಗಿದ್ದಾಗ, ಪರಿಣಾಮ ತೀವ್ರವಾಗುತ್ತದೆ. ಬೇರೆಬೇರೆಯಾಗಿ, ಬೇರೆಬೇರೆ ದಿನ ನಡೆದರೆ ಒಬ್ಬರು ಮಾರಿದುದನ್ನು ಮತ್ತೊಬ್ಬರು ಕೊಳ್ಳುತ್ತಾರೆ. ನೂಕುನುಗ್ಗಲಿನಿಂದ ಮಾತ್ರ ಏರಿದ ಅಥವಾ ಇಳಿದ ಬೆಲೆ ಬಹುಕಾಲ ನಿಲ್ಲದೆಂಬುದೂ ಗಮನಾರ್ಹ. ಏಕೆಂದರೆ ಷೇರಿನ ನಿಜವಾದ ಬೆಲೆಗೆ ಆಧಾರ ಕಂಪನಿಯ ಸಂಪಾದನೆ. ಆದರೆ ಧಾರಣೆ ಮರಳಿ ನೆಲೆಗೆ ಬರುವಷ್ಟರಲ್ಲಿ, ಗುಂಪಿನ ಕೊನೆಯಲ್ಲಿ ಓಡಿದವನು ಅಗ್ಗಕ್ಕೆ ಮಾರಿ ತುಟ್ಟಿಗೆ ಕೊಂಡಿರುತ್ತಾನೆ. ಆ ನಷ್ಟವನ್ನು ಅವನಿಗೆ ತುಂಬಿಕೊಡುವವರಿಲ್ಲ.

ಆದಕಾರಣ ನಿಧಿಗಳನ್ನು ನಡೆಸುವವರು ತಮ್ಮ ಬದಲಾವಣೆಗಳನ್ನು ಮುಂಚಿತವಾಗಿ ಸಾರಿ, ಸ್ವಲ್ಪ ಸ್ವಲ್ಪವಾಗಿ ಜಾರಿಗೆ ತರುವುದು ಲೇಸು. ಖಾತೆದಾರನಾದರೋ ತನ್ನ ನಿವೃತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆಯೆಂಬುದನ್ನು ನೋಡಿ ಹಣದ ಪಾಲನ್ನು ಗೊತ್ತುಮಾಡಬೇಕಲ್ಲದೆ, ಮೊಬೈಲಿಗೆ ಬಂದ ಸಂದೇಶವನ್ನು ನೋಡಿ ಅಲ್ಲ. ಆ ಸಂದೇಶ ಒಬ್ಬನಿಗೆ ಬಂದಿದ್ದರೆ ಸಾವಿರ ಜನರಿಗೂ ಬಂದಿರುತ್ತದೆ. ಎಲ್ಲರೂ ಒಂದೇ ದಿನ ಚೀಲ ಇಳಿಸಿದರೆ ಧಾರಣೆ ಏನಾಗುವುದೆಂಬುದನ್ನು ತೊಗರಿ ಬೆಳೆಯುವ ನಮ್ಮ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.