ಅಗ್ಗದ ಐಶ್ಯಾಡೋ ಕಣ್ಣಿಗೆ ಆದೀತೇ?

ಪ್ರಶ್ನೆ: ತಂಗಿಯ ಮದುವೆಗೆ ಐಶ್ಯಾಡೋ ಪ್ಯಾಲೆಟ್ ಬೇಕು. ಐದು ಸಾವಿರದ ವಿದೇಶಿ ಬ್ರ್ಯಾಂಡ್ ಕೈಗೆಟುಕುವುದಿಲ್ಲ. ಐನೂರು ರೂಪಾಯಿಯದು ಸಾಕೇ?

ಉತ್ತರ: ಖಂಡಿತ ಸಾಕು, ಆದರೆ ನೋಡಿ ಕೊಳ್ಳಿ. ಎರಡರಲ್ಲೂ ಇರುವುದು ಬಹುಪಾಲು ಮೈಕಾ, ಟಾಲ್ಕ್, ಐರನ್ ಆಕ್ಸೈಡ್ ಮತ್ತು ಅವನ್ನು ಹಿಡಿದಿಡುವ ಎಣ್ಣೆಯಂಶ. ಪುಡಿಯ ನುಣುಪು, ಬಣ್ಣದ ಪ್ರಮಾಣ ಮಾತ್ರ ಬೇರೆ. ಮಿನುಗುವ ಬಣ್ಣಗಳು ಅಗ್ಗದ ಪ್ಯಾಲೆಟ್‌ನಲ್ಲೂ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಗುಣಮಟ್ಟ ಬಯಲಾಗುವುದು ಹೊಳಪಿಲ್ಲದ ಮ್ಯಾಟ್ ಬಣ್ಣಗಳಲ್ಲಿ. ಅಂಗಡಿಯ ಟೆಸ್ಟರ್‌ನಿಂದ ಮ್ಯಾಟ್ ಕಂದು ಬಣ್ಣವನ್ನು ಬೆರಳಿಗೆ ತೆಗೆದುಕೊಂಡು ಮುಂಗೈ ಮೇಲೆ ಒಮ್ಮೆ ಎಳೆಯಿರಿ. ಗೆರೆ ಒಂದೇ ಸಮ ಬಂದರೆ ಸರಿ; ಸುಣ್ಣದ ಪುಡಿಯಂತೆ ಉದುರಿ ತೇಪೆ ತೇಪೆಯಾದರೆ ಬಿಟ್ಟುಬಿಡಿ.

ಲೇಬಲ್ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಲೇಬೇಕು. ಆಮದಾದದ್ದಕ್ಕೆ ನೋಂದಣಿ ಸಂಖ್ಯೆ ಇರಬೇಕು. ದೊಡ್ಡ ಹೆಸರು ಹೊತ್ತ ನಕಲಿ ಮಾಲು ಎಷ್ಟೇ ಅಗ್ಗವಾದರೂ ಬೇಡ.

ಮದುವೆಗೆ ಒಂದು ವಾರ ಮೊದಲೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ಒಂದು ದಿನ ಕಾಯಿರಿ. ತುರಿಕೆ, ಕೆಂಪು ಕಾಣಿಸಿದರೆ ಕಣ್ಣಿನ ಹತ್ತಿರ ತರಬೇಡಿ. ರೆಪ್ಪೆಗೆ ಮೊದಲು ಪ್ರೈಮರ್ ಹಚ್ಚಿ, ಬ್ರಷ್ ಕೊಡವಿ, ತೆಳುವಾಗಿ ಎರಡು ಪದರ ಕೊಡಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಬ್ರಷ್ ಕೊಳ್ಳಿ. ಅದು ಪ್ಯಾಲೆಟ್‌ಗಿಂತ ಹೆಚ್ಚು ಕಾಲ ಬಾಳುತ್ತದೆ.